ಮುಖ್ಯ

ಆ ಸಾಲು ಬರೆದವಳು ನಾನೇ.
ಮೂರು ವರ್ಷದ ಹಿಂದೆ, ಒಂದು ಶುಕ್ರವಾರ,
ಮನೆಗೆ ಹೊರಡುವ ಆತುರದಲ್ಲಿ
ಎಲ್ಲ ಸಂದೇಶಕ್ಕೂ ಒಂದೇ ಚಾನೆಲ್ಲು, ಹೆಸರು ‘ಮುಖ್ಯ’.
ಪಕ್ಕದಲ್ಲೊಂದು ಟಿಪ್ಪಣಿ: ಆಮೇಲೆ ಬೇರೆ ಮಾಡುವುದು.
ಆಮೇಲೆ ಅನ್ನುವುದು ಕೋಡಿನೊಳಗೆ
ಗಾಳಿಮನೆಯಲ್ಲಿ ತೂಗುಹಾಕಿದ ಕುರಿಮಾಂಸದ ಹಾಗೆ,
ಕೆಡುವುದಿಲ್ಲ,
ನಾರುತ್ತದೆ.

ಕ್ಲಾಕ್ಸ್‌ವಿಕ್ಕಿನ ಕಟ್ಟೆಯಿಂದ ಕಾಲ್ಸೋಯ್ ದ್ವೀಪಕ್ಕೆ
ಇಪ್ಪತ್ತು ನಿಮಿಷದ ದಾರಿ, ಸಮುದ್ರ ಒಪ್ಪಿದರೆ.
ಒಪ್ಪದ ದಿನ ಹೋಗ್ನಿ ಹಗ್ಗ ಬಿಚ್ಚುವುದಿಲ್ಲ,
ನಮ್ಮ ಆ್ಯಪು ಡಂಗುರ ಹೊಡೆಯುತ್ತದೆ:
ಇಂದು ದೋಣಿ ಇಲ್ಲ.

ಮೊದಮೊದಲು ಅಷ್ಟೇ ಇತ್ತು.
ಆಮೇಲೆ ಬಾರ್ಬಾ ಬಂದಳು, ಮಾರಾಟದವಳು, ಒಳ್ಳೆಯವಳೇ.
ಕಾಫಿಗೆ ಹತ್ತು ಕ್ರೋನಾ ಕಡಿಮೆ, ಟಿಣ್.
ನಿಮ್ಮ ನೂರನೆಯ ಪಯಣಕ್ಕೆ ಶುಭಾಶಯ, ಟಿಣ್.
ನಮ್ಮನ್ನು ಮರೆತೇ ಬಿಟ್ಟಿರಾ, ಟಿಣ್,
ರಾತ್ರಿ ಹನ್ನೊಂದಕ್ಕೆ.
ಮರೆಯದೆ ಏನು ಮಾಡಿಯಾರು, ಮಲಗಿದ್ದರು.
ಡಂಗುರದವನೇ ಕಡಲೆಪುರಿ ಮಾರತೊಡಗಿದರೆ
ಊರು ಕದ ಹಾಕಿಕೊಳ್ಳುತ್ತದೆ.
ಸಾವಿರದ ನೂರ ನಲವತ್ತು ಕದ.
ನಮ್ಮ ಪಟ್ಟಿಯಲ್ಲಿ ಅದು
ಸೊನ್ನೆ, ಸೊನ್ನೆ, ಸೊನ್ನೆ.

ನವೆಂಬರಿನ ಒಂದು ಮಂಗಳವಾರ ಬೆಳಗಿನ ಜಾವ
ಸೂಲಗಿತ್ತಿ ಸುನ್ವಾ ಕಟ್ಟೆಯ ಮೇಲೆ ಒಂದು ಗಂಟೆ ನಿಂತಳು,
ಅಡ್ಡಮಳೆಯಲ್ಲಿ, ಚೀಲವನ್ನು ಕೋಟಿನೊಳಗೆ ಅವುಚಿಕೊಂಡು.
ದೋಣಿ ಇಲ್ಲವೆಂದು ನಾವು ಹೇಳಿದ್ದೆವು, ಐದೂ ಹತ್ತಕ್ಕೆ,
ಲಾಗಿನಲ್ಲಿ ಇದೆ: ಕಳಿಸಿದೆ.
ಕಳಿಸಿದ್ದಕ್ಕೂ ಕೇಳಿಸಿದ್ದಕ್ಕೂ ನಡುವೆ
ಒಂದು ಏತ್ವ, ಒಂದು ದೀರ್ಘ,
ಅಷ್ಟೇ ಅಗಲದ ಕಡಲು.

ಮಗು ಕಾಯಲಿಲ್ಲ. ಆಚೆ ದಡದಲ್ಲಿ
ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು
ಬಸುರಿಯ ಅತ್ತೆಯೇ ಹಿಡಿದಳು. ಹೆಣ್ಣು, ಮೂರೂವರೆ ಕಿಲೋ. ಇಬ್ಬರೂ ಕ್ಷೇಮ.
‘ಐದಕ್ಕೇ ಗೊತ್ತಿದ್ದರೆ ಹೆಲಿಕಾಪ್ಟರ್ ಕರೆಸುತ್ತಿದ್ದೆ,’
ಅಂದಳು ಸುನ್ವಾ, ಬೈಯದೆ.
ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ಕೂತು ಒಡೆದೆ ಆ ‘ಮುಖ್ಯ’ವನ್ನು.
ಸಮುದ್ರಕ್ಕೆ ಒಂದು. ವೇಳೆ ಬದಲಾದರೆ ಒಂದು.
ಕಾಫಿಗೂ ಒಂದು, ಸದ್ದಿಲ್ಲದ್ದು, ಕೇಳಿದವರಿಗೆ ಮಾತ್ರ;
ರಾತ್ರಿ ಹತ್ತರಿಂದ ಏಳರವರೆಗೆ ಅದರ ಬಾಯಿಗೆ ಬಟ್ಟೆ.
ಬಾರ್ಬಾ ಎರಡು ದಿನ ಮಾತಾಡಲಿಲ್ಲ,
ಮೂರನೆಯ ದಿನ ಕಾಫಿ ತಂದಿಟ್ಟಳು,
ಪೂರ್ತಿ ಬೆಲೆಯದು.

ಟೈಟೂರ್ ಕುರ್ಚಿ ಎಳೆದುಕೊಂಡು ಬಂದ:
‘ಆಗಲೇ ಕದ ಹಾಕಿದವರ ಪಾಡು?’
ನಾನೊಂದು ಷರತ್ತು ಬರೆದಿದ್ದೆ:
ಹಳೆಯದನ್ನು ಮುಚ್ಚಿದವರಿಗೆ ಹೊಸವೂ ಮುಚ್ಚಿಯೇ ಇರಲಿ.
ಅದನ್ನು ಅಳಿಸಿದರೆ ಸಾಕು, ಹೊಸ ಬಾಗಿಲು
ತಾನಾಗಿ ತೆರೆದೇ ಹುಟ್ಟುತ್ತದೆ, ಯಾರನ್ನೂ ಕೇಳಬೇಕಿಲ್ಲ.
‘ಬಿರುಗಾಳಿಗೆ ತಾನೇ,’ ಅಂದ, ‘ಒಳ್ಳೆಯದಕ್ಕೆ ತಾನೇ, ಒಂದೇ ಸಾಲು.’
ಬೆರಳು ಕೀಲಿಯ ಮೇಲೆ ತುಂಬಾ ಹೊತ್ತು ಇತ್ತು.
ಅಂದೂ
ಒಂದೇ ಸಾಲಾಗಿತ್ತು.

ಅಳಿಸಲಿಲ್ಲ. ಸರಿಯೋ ತಪ್ಪೋ, ಈಗಲೂ ತಿಳಿಯದು;
ಗಾಳಿ ಜೋರಾದ ರಾತ್ರಿ, ತಪ್ಪೇ ಅನ್ನಿಸುತ್ತದೆ.
ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ
ಕಟ್ಟೆಯ ಕಾಯುವ ಕೋಣೆಯ ಗೋಡೆಗೆ ಅಂಟಿಸಿದೆ:
ತಪ್ಪು ನಮ್ಮದು. ಗಾಳಿಯನ್ನೂ ಕಾಫಿಯನ್ನೂ ಬೇರೆ ಮಾಡಿದ್ದೇವೆ.
ಮನಸ್ಸಿದ್ದರೆ ಒಂದನ್ನು ತೆರೆಯಿರಿ.

ಶುಕ್ರವಾರಕ್ಕೆ ಹದಿನೇಳು. ಕ್ರಿಸ್‌ಮಸ್ಸಿಗೆ ಇನ್ನೂರ ಆರು.
ಕಾಗದದ ಒಂದು ಮೂಲೆ ಕಿತ್ತುಬಂದಿತ್ತು,
ಯಾರೋ ಮತ್ತೆ ಹಚ್ಚಿದ್ದರು, ನನ್ನದಲ್ಲದ ನೀಲಿ ಟೇಪಿನಲ್ಲಿ.

ಸುನ್ವಾಳದು ಇನ್ನೂ ಸೊನ್ನೆಯೇ.
ದಿನಾ ಐದಕ್ಕೆ ಅವಳು ಹೋಗ್ನಿಗೆ ಫೋನ್ ಮಾಡುತ್ತಾಳಂತೆ.
ಅವನು ಎದ್ದು ಪರದೆ ಸರಿಸುತ್ತಾನೆ,
ಕತ್ತಲನ್ನು ಸ್ವಲ್ಪ ಹೊತ್ತು ನೋಡುತ್ತಾನೆ,
‘ಇವತ್ತು ಬಿಡಲ್ಲ’ ಅನ್ನುತ್ತಾನೆ,
ಇಲ್ಲವೇ, ‘ಬಾ.’