ಎರಡನೆಯ ಕೈ

ಹಾಸನೂರಿನ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತ್ತು.
ರಾತ್ರಿ ಆನೆಗಳಿಗೆ ಬಿಟ್ಟ ರಸ್ತೆ ಅದು,
ಬೆಳಗಾದ ಮೇಲೆ ಮನುಷ್ಯರದು.
ಮುಂದೆ ದಿಂಬಂ ಘಾಟಿ, ಇಪ್ಪತ್ತೇಳು ತಿರುವು.
ಹದಿನಾಲ್ಕನೆಯದರಲ್ಲಿ ಗವಿರಾಜು ಕಿಟಕಿಯಾಚೆ ತಲೆ ಹಾಕಿ ಕಾರಿಕೊಂಡ,
ಬಾಯಿ ಒರೆಸಿಕೊಂಡು, ನಿಂತ ಮಾತು ಮುಂದುವರಿಸಿದ:
"ಮೊದ್ಲೆರಡು ಚೆಂಡು ಎತ್ರ ಕೊಡ್ತೀನಿ ಕಣ್ಲಾ,
ಮೂರ್ನೇದು ಗಿಡ್ಡ. ನೋಡ್ಬೇಡ. ಹಾರ್ಬುಡು."

ಹಾರುವುದೊಂದೇ ನನಗೆ ಬರುತ್ತಿದ್ದದ್ದು.

ತಾಳವಾಡಿಯ ಶಾಲೆ ಬಯಲು. ಚೆಂಡುಹೂವಿನ ಮೂಟೆ ಕಟ್ಟುವ
ಹಗ್ಗದಲ್ಲೇ ಹೆಣೆದ ನೆಟ್ಟು.
ನಾಲ್ಕು ವರ್ಷ ಅವನು ಬೆನ್ನ ಹಿಂದೆ ಬೆರಳು ತೋರಿಸಿದ.
ಒಂದು ಬೆರಳು: ಹತ್ತಿರ. ಎರಡು: ಕೊನೆಗೆ.
ಮುಷ್ಟಿ ಅಂದರೆ,
ಅವರೆಲ್ಲ ನಿನ್ನನ್ನೇ ಕಾಯ್ತಿದಾರೆ, ಸುಮ್ಮನೆ ಹಾರು,
ಚೆಂಡು ಬೇರೆಯವನಿಗೆ.

ಈರೋಡಿನಲ್ಲಿ ಗೋಡೆಗೆ ಟೇಪು ಅಂಟಿಸಿದ್ದರು.
ಸುಣ್ಣ ಅದ್ದಿದ ಬೆರಳಿಂದ ಹಾರಿ ಗೋಡೆ ಮುಟ್ಟಬೇಕು.
ನನ್ನ ಗುರುತು ನೋಡಲು ಮೂವರು ಕತ್ತೆತ್ತಿದರು.
ಅವನದಕ್ಕೆ ಯಾರೂ ಕತ್ತೆತ್ತಬೇಕಿರಲಿಲ್ಲ.
ಹೆಸರು ಕರೆದರು: "ಕವಿರಾಜ್!"
ತಮಿಳು ಬರಹದಲ್ಲಿ ಗಕಾರಕ್ಕೆ ಸ್ವಂತ ಮನೆಯಿಲ್ಲ,
ಕಕಾರದ ಜಗಲಿಯಲ್ಲೇ ಅದರ ವಾಸ;
ಗವಿ ಹೋಗಿ ಕವಿಯಾಗಿತ್ತು.
ಎರಡನೇ ಸಲ ಕೂಗಿದಾಗ ಅವನಿಗೆ ಅದು ತಾನೆಂದು ಹೊಳೆಯಿತು.
ಕಾಗದದಲ್ಲಿ ಏನೋ ಗೀಚಿದರು.
ಹುಡುಗ ಚುರುಕಿಲ್ಲ ಎಂದಿರಬೇಕು.

ಆಮೇಲೆ ನಮ್ಮಿಬ್ಬರನ್ನು ನೆಟ್ಟಿನ ಆಚೆ ಈಚೆ ನಿಲ್ಲಿಸಿದರು.
ಅವನ ಪಾಲಿಗೆ ಅವನ ಬೆರಳು ಓದಲು ಬಾರದ ಐದು ಜನ.
ಮುಷ್ಟಿ ತೋರಿಸಿದರೆ ಒಬ್ಬ, ಗುದ್ದುತ್ತೀಯಾ ಎಂಬಂತೆ ನೋಡಿದ.
ಚೆಂಡು ಮಾತ್ರ ಇರಬೇಕಾದಲ್ಲೇ ಇತ್ತು,
ಅಷ್ಟೇ ಎತ್ತರ, ಅಷ್ಟೇ ಹೊತ್ತು,
ಗಾಳಿಯಲ್ಲಿ ಕುರ್ಚಿ ಹಾಕಿಟ್ಟಂತೆ.
ಕೂರಲು ಯಾರೂ ಬರಲಿಲ್ಲ.
ಬಿದ್ದ ಚೆಂಡು ಎತ್ತಿಕೊಟ್ಟವನ ಲೆಕ್ಕಕ್ಕೆ,
ಹೊಡೆದದ್ದು ಹೊಡೆದವನ ಲೆಕ್ಕಕ್ಕೆ.
ಆ ಹಾಳೆಯಲ್ಲಿದ್ದ ಕಾಲಂಗಳೇ ಅಷ್ಟು.

ನಾನು ಎರಡನ್ನು ನೆಟ್ಟಿಗೆ ಹೊಡೆದೆ.
ಮೂರನೆಯದರ ಸದ್ದಿಗೆ ಹೊರಗಿನ ಟೀ ಅಂಗಡಿಯವನು ತಿರುಗಿ ನೋಡಿದ.
ಸಾಕಾಯಿತು.

ನಮ್ಮ ಮೇಷ್ಟ್ರು ಸುಮ್ಮನಿರದೆ ಚಾಮರಾಜನಗರಕ್ಕೂ ಹೋಗಿ ಕೇಳಿದರು.
"ಹುಡುಗ ಕನ್ನಡದೋನೇ ಸ್ವಾಮಿ."
"ಆದ್ರೆ ರೇಷನ್ ಕಾರ್ಡು?"
ಮೇಷ್ಟ್ರು ಬರುವಾಗ ಒಂದು ಡಜನ್ ಬಾಳೆಹಣ್ಣು ತಂದು
ಎಲ್ಲರಿಗೂ ಹಂಚಿದರು, ಯಾಕೆಂದು ಹೇಳಲಿಲ್ಲ.

ನನ್ನ ಫೋನಿನಲ್ಲೊಂದು ವಿಡಿಯೊ ಇದೆ, ಪೊಂಗಲ್ ಟೂರ್ನಮೆಂಟಿನದು.
ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ,
ಅವನ ಕೈ ಸೇರುವಷ್ಟರಲ್ಲಿ ಅವಸರಪಟ್ಟು ನನ್ನತ್ತ ಹೊರಳುತ್ತದೆ.
ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ:
ಎಡ ಅಂಚಿನಲ್ಲಿ ಹತ್ತು ಬೆರಳು, ಅರ್ಧ ಸೆಕೆಂಡು.
ಮುಖವಿಲ್ಲ.
ಆಮೇಲೆಲ್ಲ ನಾನೇ, ನನ್ನ ಬಾಯಿ, ನನ್ನ ಕೂಗು.

ಈಗ ನಾನು ಆವಡಿಯಲ್ಲಿ ಪೊಲೀಸು, ಆಟದ ಕೋಟಾ.
ಇಲ್ಲಿ ಎತ್ತಿಕೊಡುವವನು ಆರಡಿ ಮೂರಂಗುಲ.
ಒಳ್ಳೆಯವನು. ಚೆಂಡು ಬರುತ್ತದೆ,
ನಾನು ಹುಡುಕಿಕೊಂಡು ಹೋಗಬೇಕು.

ರಜೆಗೆ ಬಂದು ಬಸ್ಸಿಳಿದರೆ ಮಂಡಿಯ ಮುಂದೆ ಕೋಸಿನ ಲಾರಿ.
ಗವಿರಾಜು ಕೆಳಗೆ ನಿಂತು ಎಸೆಯುತ್ತಿದ್ದ.
ಮೇಲಿದ್ದವನು ಪಕ್ಕದವನ ಜೊತೆ ಹರಟುತ್ತ
ಈ ಕಡೆ ನೋಡದೆ ಕೈ ಚಾಚುತ್ತಾನೆ,
ಕೋಸು ಬಂದು ಅಂಗೈಯಲ್ಲಿ ಕೂರುತ್ತದೆ.
ಇನ್ನೊಂದು. ಇನ್ನೊಂದು.
ಲಾರಿಗೆ ಲಾರಿಯೇ ತುಂಬಿತು, ಒಂದೂ ಬೀಳಲಿಲ್ಲ.

ನನ್ನನ್ನು ಕಂಡ. ನಗಲಿಲ್ಲ, ಕರೆಯಲಿಲ್ಲ.
ಲಾರಿಯತ್ತ ತಿರುಗಿ
ಒಂದು ಕೈ ಬೆನ್ನ ಹಿಂದೆ ತಂದು
ಮುಷ್ಟಿ ಹಿಡಿದ.

ಬ್ಯಾಗು ಕೆಳಗಿಟ್ಟೆ.
ಬೂಟು ಹಾಕಿಕೊಂಡೇ, ಬಸ್‌ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದಂತೆ,
ಹಾರಿದೆ.