ಸೊನ್ನೆಯ ತುದಿ

ನಮ್ಮ ಅಜ್ಜ ಯಾರಿಗೂ ಒಂದು ಪೈಸೆ ಕೊಟ್ಟವನಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಹೇಳುವುದು ಇದನ್ನೇ.

ಹಿನ್ನೀರು ಬರುತ್ತದೆಂದು ಬಾಗಲಕೋಟೆಯ ಓಣಿ ಓಣಿ ಅಳೆಯುತ್ತ
ಸರ್ವೇದವರು ನಮ್ಮ ಕಟ್ಟೆಗೆ ಬಂದಾಗ ನನಗೆ ಹನ್ನೊಂದು.
ಅಜ್ಜ ಕುರ್ಚಿ ಹಾಕಿಸಿದ, ಅಷ್ಟೆ.
ಅವ್ವ ಚಹಾ ಕಳಿಸಿದಳು, ಜತೆಗೆ ಹಚ್ಚಿದ ಅವಲಕ್ಕಿ.
ಕಟಗೇರಿ ಸಾಹೇಬರು ಒಂದು ಕೈಲಿ ಬಶಿ,
ಇನ್ನೊಂದು ಕೈಲಿ ಟೇಪಿನ ಡಬ್ಬಿ ಹಿಡಿದು
ಕೂತಲ್ಲಿಂದಲೇ ಓದಿದರು:
"ಅರವತ್ತೆರಡು ಫೂಟು, ಬರಕೋ."

ಆ ಕಡೆ, ಹಿತ್ತಿಲ ಗೋಡೆಗೆ ಸೊನ್ನೆ ಒತ್ತಿ ನಿಂತವನು
ಯಲಗೂರಪ್ಪ, ದಿನಗೂಲಿ.
ನಡುವೆ ಟೇಪು ತುಳಸಿಕಟ್ಟೆ ಬಳಸಿ
ಸೀರೆ ಒಣಹಾಕುವ ಹಗ್ಗದ ಹಾಗೆ
ಹೊಟ್ಟೆ ಬಿಟ್ಟುಕೊಂಡು ಜೋತಿತ್ತು.
ಜಗ್ಗು ಅಂತ ಯಾರೂ ಅನ್ನಲಿಲ್ಲ.
ಹೊಟ್ಟೆ ಬಿಟ್ಟ ಟೇಪು ಹೆಚ್ಚು ತೋರಿಸುತ್ತದೆ.
ಯಾರೂ ಸುಳ್ಳಾಡಲಿಲ್ಲ.
ಟೇಪು ಹೇಳಿತು, ಸಾಹೇಬರು ಓದಿದರು.

ಮೂರು ದಿನದ ಮೇಲೆ ಅದೇ ಟೇಪು ಯಲಗೂರಪ್ಪನ ಕೇರಿಗೆ ಹೋಯಿತು.
ಕುರ್ಚಿ ಇರಲಿಲ್ಲ. ಚಹಾ ಇತ್ತು,
ಸಾಹೇಬರು ಈಗ ಕುಡಿದು ಬಂದೆ ಅಂದರು.
ತನ್ನ ಮನೆಯ ಗೋಡೆಗೇ ಸೊನ್ನೆ ಒತ್ತಿ ನಿಂತ.
"ಜಗ್ಗಲೇ. ಇನ್ನೂ ಜಗ್ಗು. ಸರಕಾರದ ರೊಕ್ಕ ಐತಿ."
ಜಗ್ಗಿದ.
ಟೇಪು ಏಕತಾರಿಯ ತಂತಿಯಂತೆ ಬಿಗಿದು
ಗಾಳಿಗೆ ಝುಂ ಅಂದಿತಂತೆ.
ಹದಿನಾಲ್ಕು. ಒಂದು ಬೆರಳು ಹೆಚ್ಚಿಲ್ಲ.
ಅಳತೆ ಅಂದರೆ ಹಾಗಿರಬೇಕು.

ಇದನ್ನು ಹೇಳಿದ್ದು ಅವನ ಮಗಳು ರೇಣವ್ವ,
ಕರೆಂಟಿನ ಬಿಲ್ಲು ತುಂಬುವ ಸಾಲಿನಲ್ಲಿ, ನಗುತ್ತ,
ಮಾತಿಗೊಮ್ಮೆ ನನ್ನನ್ನು ಅಕ್ಕಾರ ಅನ್ನುತ್ತ.
ನನಗಿಂತ ನಾಲ್ಕು ವರ್ಷ ದೊಡ್ಡವಳು.

ನವನಗರದಲ್ಲಿ ನಮ್ಮದು ಮೂಲೆಯ ಮನೆ. ಎರಡು ರಸ್ತೆ, ಎರಡು ಗೇಟು.
ನಿದ್ದೆ ಬಾರದ ರಾತ್ರಿ ಗೋಡೆ ಗೋಡೆ ನೋಡುತ್ತೇನೆ,
ಯಾವ ಕೋಣೆ ಆ ಟೇಪಿನ ಹೊಟ್ಟೆಯಿಂದ ಹುಟ್ಟಿದ್ದು?
ಫ್ಯಾನು ತಿರುಗುತ್ತದೆ. ಎಲ್ಲ ಕೋಣೆಗೂ ಒಂದೇ ಸುಣ್ಣ.

ಈ ಬೇಸಗೆ ನೀರು ಇಳಿದು ಹಳೆಯ ಪಾಯ ಮೇಲೆದ್ದಿತು.
ನಾನು ಕಲಿಸುವ ಶಾಲೆಯ
ಉದ್ದಜಿಗಿತದ ಟೇಪು ತಗೊಂಡು ಹೋದೆ,
ಸರಿಯಾಗಿ ಅಳೆದೇ ಬಿಡೋಣ ಅಂತ.
ಒಣಗಿ ಬಿರಿದ ಕೆಸರಿನ ಮೇಲೆ ನಿಂತಾಗ ಹೊಳೆಯಿತು,
ಟೇಪಿಗೆ ಎರಡು ತುದಿ.
ದಂಡೆಯಲ್ಲಿ ಹುಡುಗನೊಬ್ಬ ಬಲೆಯ ಗಂಟು ಬಿಡಿಸುತ್ತಿದ್ದ.
"ಏ ತಮ್ಮಾ, ಬಾ ಇಲ್ಲಿ. ಇದನ್ನ ಹಿಡಿ."
ಹೆಸರು ಕೇಳಲಿಲ್ಲ ನಾನು,
ಯಾಕೆಂದು ಕೇಳಲಿಲ್ಲ ಅವನು.
ಬಲೆ ಕೆಳಗಿಟ್ಟು ಬಂದ, ನಮ್ಮ ಪಾಯದ ಕಲ್ಲಿಗೆ ಸೊನ್ನೆ ಒತ್ತಿದ,
ಡಬ್ಬಿ ನನ್ನ ಕೈಯಲ್ಲಿರುವುದನ್ನು ನೋಡಿ ಕೂಗಿದ:
"ಜಗ್ಗಲೇನ್ರೀ, ಅಕ್ಕಾರ?"