ಕುಳಿ

ಅಕ್ರಾದ ಜೇಮ್ಸ್‌ಟೌನಿನಲ್ಲಿ, ಕಡಲಿಗೆ ಬೆನ್ನು ಕೊಟ್ಟ ಓಣಿಯಲ್ಲಿ
ನನಗೆ ಎರಡು ತುಂಬುವ ಮೊದಲೇ ತಮ್ಮ ಹುಟ್ಟಿದ.
ಅವ್ವನ ಎದೆಯಿಂದ ನನ್ನನ್ನು ಬಿಡಿಸಿ
ಮೆಕ್ಕೆಜೋಳದ ಗಂಜಿಯ ಮುಂದೆ ಕೂರಿಸಿದರು.
ಬೆಳಗ್ಗೆ ಗಂಜಿ. ಸಂಜೆ, ಅದೇ ಹಿಟ್ಟು ಹುಳಿ ಬಂದು ಕೆಂಕಿ.

ಮನೆಯಲ್ಲಿ ಮೀನು ಇರಲಿಲ್ಲವೆಂದಲ್ಲ.
ಅಜ್ಜಿಯ ಒಲೆಗಳ ಮೇಲೆ ಜಾಲರಿ ತುಂಬ ಹೆರಿಂಗು
ಹೊಗೆಯಲ್ಲಿ ಕಂದಿ ತಾಮ್ರವಾಗುತ್ತಿದ್ದವು:
ಎಣಿಸಿ, ಬುಟ್ಟಿಗೆ ಜೋಡಿಸಿ, ಕುಮಾಸಿಯ ಲಾರಿಗೆ.
ಒಂದು ಕಡಿಮೆಯಾದರೂ ಅಜ್ಜಿಗೆ ಗೊತ್ತಾಗುತ್ತಿತ್ತು.
ನಾನು ಕಡಿಮೆಯಾಗುತ್ತಿದ್ದುದು ಯಾರಿಗೂ ಗೊತ್ತಾಗಲಿಲ್ಲ,
ಏಕೆಂದರೆ ನಾನು ಊದುತ್ತಿದ್ದೆ.

ಕೆನ್ನೆ ತುಂಬಿತು. ಪಾದ ಉಬ್ಬಿತು. ಕೂದಲು ಕೆಂಚಾಯಿತು.
‘ಅಯೇಲೆ ಮೈಕೈ ತುಂಬಿಕೊಂಡಿದ್ದಾಳೆ’ ಎಂದಳಂತೆ ಪಕ್ಕದ ಮನೆಯಾಕೆ.
ದಾದಿ ಬಂದವಳು ಮಾತಾಡದೆ
ಹೆಬ್ಬೆರಳಿಂದ ನನ್ನ ಪಾದ ಒತ್ತಿ, ಬೆರಳೆತ್ತಿದಳು.
ಕುಳಿ ಉಳಿಯಿತು,
ಒದ್ದೆ ಮರಳಲ್ಲಿ ಏಡಿ ತೋಡಿ ಬಿಟ್ಟುಹೋದ ಹಾಗೆ.

ಆ ರೋಗಕ್ಕೆ ನಮ್ಮ ಗಾ ಭಾಷೆಯದೇ ಹೆಸರು.
ಕ್ವಾಶಿಯೋರ್ಕರ್: ಇನ್ನೊಂದು ಕೂಸು ಬಂದಾಗ
ಹಿರಿಕೂಸಿಗೆ ತಗಲುವ ಜಡ್ಡು.
ಲೋಕದ ಡಾಕ್ಟರರೆಲ್ಲ ನಾಲಗೆ ತಿರುಚಿ ಅದನ್ನು ಕಲಿತರು.
ನಾನು ಮೈಯಿಂದ ಕಲಿತೆ.

ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಪರರ ರಕ್ತ ಓದುತ್ತೇನೆ.
ಆಲ್ಬುಮಿನ್ ಎಷ್ಟೆಂದು ಬರೆದು ಸಹಿ ಹಾಕುತ್ತೇನೆ.
ಆ ಅಂಕಿ ತಡವಾಗಿ ಬಾಯಿಬಿಡುವ ಸಾಕ್ಷಿ;
ಸೋಂಕಿಗೂ ಇಳಿಯುತ್ತದೆ, ಹಸಿವನ್ನು ಬಹಳ ದಿನ ಮುಚ್ಚಿಡುತ್ತದೆ.
ತೋಳು, ತೊಡೆ, ಹಿಡಿದ ಮುಷ್ಟಿ ಅಷ್ಟು ಸುಳ್ಳು ಹೇಳುವುದಿಲ್ಲ.
ಕೊಬ್ಬಿಗೆ ಮೈ ಉಗ್ರಾಣ ಕಟ್ಟಿದೆ,
ಸಕ್ಕರೆಗೆ ಯಕೃತ್ತಿನ ಒಂದು ಮೂಲೆ.
ಪ್ರೋಟೀನಿಗೆ ಹಗೇವಿಲ್ಲ,
ಇರುವಷ್ಟೂ ದುಡಿಯುತ್ತಲೇ ಇರುತ್ತದೆ.
ಕೊರತೆ ಬಿತ್ತೋ, ಮೈ ತನ್ನ ಮನೆಯ ತೊಲೆಯನ್ನೇ ಕಿತ್ತು
ಒಲೆಗಿಡುತ್ತದೆ. ಸೂರು ಕುಸಿಯದ ಹಾಗೆ,
ಒಂದೊಂದೇ.

ಆ ತಮ್ಮ, ಅಯಿಟೆ, ಈಗ ಬೂಕೋಮಿನ ಬಾಕ್ಸರ್.
ಶನಿವಾರ ಪಂದ್ಯ, ಶುಕ್ರವಾರ ತಕ್ಕಡಿ.
ಐವತ್ತೇಳು ಕಿಲೋ ದಾಟುವ ಹಾಗಿಲ್ಲ.
ಮೂರು ವಾರದಿಂದ ತೆಳುಗಂಜಿ, ಕಿತ್ತಳೆಯ ಹೋಳು,
ಪ್ಲಾಸ್ಟಿಕ್ ಅಂಗಿ ತೊಟ್ಟು ದಂಡೆಯುದ್ದ ಓಟ.
ಬುಧವಾರ ರಾತ್ರಿ ಬಾಗಿಲಿಗೆ ಬಂದು
ಚೀಪಲು ಐಸು ಕೇಳಿದ.

ನನ್ನ ಎರಡು ಬೆರಳು ಕೊಟ್ಟು, ಹಿಡಿ ಎಂದೆ.
ಹಿಡಿದ. ಇನ್ನೂ ಗಟ್ಟಿ, ಎಂದೆ.
‘ಇಷ್ಟೇ’ ಅಂದ.
ಅಳತೆಪಟ್ಟಿ ಸುತ್ತಿದೆ: ಕ್ರಿಸ್‌ಮಸ್ಸಿಗಿಂತ ಎರಡು ಸೆಂಟಿಮೀಟರು ಸಣ್ಣ.
ತಕ್ಕಡಿಗೆ ನೀರೂ ಒಂದೇ, ಮಾಂಸವೂ ಒಂದೇ ಕಣೋ.
‘ಗೆದ್ದ ಮೇಲೆ ತಿಂತೀನಿ, ಅಕ್ಕ.’

ಸಿಟ್ಟು ಬಂತು. ಈಗಿನದಲ್ಲ,
ಗಂಜಿಯ ಮುಂದೆ ಕೂತ ಆ ಮಗುವಿನದು.
ನನ್ನ ಬಾಯಿಂದ ತೆಗೆದ ಹಾಲು ಇವನ ತೋಳಾಯಿತು,
ಆ ತೋಳನ್ನು ಇವನು ಕಿಲೋ ಲೆಕ್ಕದಲ್ಲಿ
ತೂಕದವನಿಗೆ ಬಿಟ್ಟುಕೊಡುತ್ತಿದ್ದಾನೆ.

ಅಜ್ಜಿಯ ಜಾಲರಿ ಈಗ ನನ್ನ ಹಿತ್ತಿಲಲ್ಲಿದೆ.
ಅಲಸಂದೆ ಬೇಯಿಸಿದ್ದೆ. ಮೀನು ಮುರಿದು, ಮುಳ್ಳು ತೆಗೆದು,
ಬಟ್ಟಲು ಮುಂದಿಟ್ಟೆ. ಬಹಳ ಹೊತ್ತು ನೋಡುತ್ತ ಕೂತ.
‘ಎರಡೇ ಎರಡು’ ಎಂದು ತುಣುಕು ಎಣಿಸಿದ,
ಥೇಟ್ ಅಜ್ಜಿಯ ದನಿಯಲ್ಲಿ.

ನಾನು ಎಣಿಸಿರಲಿಲ್ಲ.